ಹೊಲಕ್ಕೆ ಹೋದ ವಿದ್ಯೆ

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ದಕ್ಷಿಣ ಭಾಗದಲ್ಲಿ ಅಲಬಾಮ ಎಂಬುದೊಂದು ರಾಜ್ಯ. 1896ರ ಅಕ್ಟೋಬರ್ ತಿಂಗಳಿನಲ್ಲಿ ಆ ರಾಜ್ಯದ ಟಸ್ಕೀಗಿ ಎಂಬ ಊರಿಗೆ ಹೊಸ ಅಧ್ಯಾಪಕರೊಬ್ಬರು ಬಂದು ಸೇರಿದರು. ಎತ್ತರದ ತೆಳ್ಳನೆಯ ದೇಹ. ಕೋಟಿನ ಗುಂಡಿಯ ತೂತಿನಲ್ಲೊಂದು ಹೂವು. ಉತ್ತರದ ಅಯೋವ ರಾಜ್ಯದ ಫಲವತ್ತಾದ ಕಪ್ಪು ನೆಲವನ್ನು ಕಂಡು ಬಂದಿದ್ದ ಅವರಿಗೆ ಇಲ್ಲಿ ಎದುರಾದುದು ಬೇರೆಯೇ ನೋಟ. ಎತ್ತ ನೋಡಿದರತ್ತ ಹತ್ತಿಯ ಗಿಡ; ಗುಡಿಸಲುಗಳ ಬಾಗಿಲಿನವರೆಗೂ ಹತ್ತಿ. ಕಾಯಿಪಲ್ಲೆಯ ಮಡಿಗಳು ಕಾಣುವುದೇ ಅಪರೂಪ. ಮೇಲ್ಮಣ್ಣು ಮಳೆಯ ನೀರಿನಲ್ಲಿ ಕೊಚ್ಚಿಹೋಗಿ ಹೊಲಗಳ ತುಂಬ ಕೊರಕಲುಗಳು ಬಿದ್ದಿದ್ದವು. ಇಂಥ ನೆಲದ ನಡುವೆ ಇದ್ದ ವಿದ್ಯಾಸಂಸ್ಥೆಯೊಂದರಲ್ಲಿ ಅವರು ತಮ್ಮ ಬಾಳಿನ ಉಳಿದ 46 ವರ್ಷಗಳನ್ನು ಕಳೆದರು. ಅವರೇ ಜಾರ್ಜ್ ವಾಷಿಂಗ್ಟನ್ ಕಾರ್ವರ್.

ಕಾರ್ವರರು ಹುಟ್ಟಿದುದು ಮಿಸೌರಿ ರಾಜ್ಯದ ಡೈಮಂಡ್ ಎಂಬ ಹಳ್ಳಿಯ ಸಮೀಪದ ಒಂದು ಹೊಲಮನೆಯಲ್ಲಿ. ಹುಟ್ಟಿದ ದಿನವನ್ನು ಯಾರೂ ಬರೆದಿಡಲಿಲ್ಲ. ಸುಮಾರು 1864 ಎಂದು ಹೇಳುವುದು ವಾಡಿಕೆ. ತಾಯಿ ಮೇರಿ ಗುಲಾಮಳು. ಆದ್ದರಿಂದ ಮಗುವೂ ಹುಟ್ಟುತ್ತಲೇ ಒಡೆಯನ ಸ್ವತ್ತು. ಒಡೆಯನ ಹೆಸರು ಮೋಸಸ್ ಕಾರ್ವರ್. ದೇಶದ ಉತ್ತರ ಮತ್ತು ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧ ನಡೆಯುತ್ತಿದ್ದ ಕಾಲವದು. ಒಂದು ರಾತ್ರಿ ದರೋಡೆಕೋರರು ನುಗ್ಗಿ ತಾಯಿಯನ್ನೂ ಕೂಸನ್ನೂ ಹೊತ್ತೊಯ್ದರು. ಮೋಸಸ್ ಹುಡುಕಲು ಆಳನ್ನು ಕಳುಹಿಸಿದನು. ಅರೆಜೀವವಾಗಿದ್ದ ಕೂಸು ಮಾತ್ರ ಮರಳಿ ಸಿಕ್ಕಿತು. ತಾಯಿಯ ಸುಳಿವು ಮುಂದೆಂದೂ ಹತ್ತಲಿಲ್ಲ. ಕೂಸನ್ನು ತಂದುಕೊಟ್ಟವನಿಗೆ ಮೋಸಸ್ ಒಂದು ಕುದುರೆಯನ್ನು ಪ್ರತಿಫಲವಾಗಿ ಕೊಟ್ಟನೆಂದು ಹೇಳುತ್ತಾರೆ.

1865ರಲ್ಲಿ ಗುಲಾಮಗಿರಿ ರದ್ದಾಯಿತು. ಮೋಸಸ್ ಮತ್ತು ಅವನ ಹೆಂಡತಿ ಸೂಸನ್ ಆ ತಬ್ಬಲಿಯನ್ನೂ ಅವನ ಅಣ್ಣನನ್ನೂ ತಮ್ಮ ಮನೆಯಲ್ಲಿಯೇ ಇಟ್ಟುಕೊಂಡು ಸಾಕಿದರು. ಜಾರ್ಜ್ ರೋಗಿಷ್ಠ ಹುಡುಗ. ಹೊಲದ ದುಡಿಮೆ ಅವನಿಂದಾಗುತ್ತಿರಲಿಲ್ಲ. ಸೂಸನ್ನಳ ಜೊತೆಯಲ್ಲಿದ್ದು ಅಡುಗೆ, ಒಗೆತ, ಹೊಲಿಗೆಗಳನ್ನು ಕಲಿತನು. ಬಿಡುವು ಸಿಕ್ಕರೆ ಕಾಡಿಗೆ ಓಡುವನು. ಬಾಡಿದ ಗಿಡವನ್ನು ತಂದು ಮಣ್ಣು ಬದಲಿಸಿ, ನೆರಳಿಗೆ ಸರಿಸಿ, ಹುಳು ಆರಿಸಿ ಚಿಗುರಿಸುವನು. ಸುತ್ತಮುತ್ತಲಿನವರು ಅವನನ್ನು ಗಿಡಗಳ ವೈದ್ಯನೆಂದೇ ಕರೆಯತೊಡಗಿದರು.

ಓದಬೇಕೆಂಬ ಹಂಬಲ ಹುಡುಗನಿಗೆ ಅಪಾರವಾಗಿತ್ತು. ಊರಿನ ಶಾಲೆ ಬಿಳಿಯ ಮಕ್ಕಳಿಗೆ ಮೀಸಲು. ಕೆಲವು ಮೈಲಿ ದೂರದ ನಿಯೋಶೋ ಎಂಬ ಊರಿನಲ್ಲಿ ಕಪ್ಪು ಮಕ್ಕಳ ಶಾಲೆಯಿದೆಯೆಂದು ತಿಳಿದು, ಹನ್ನೆರಡು ಹದಿಮೂರರ ವಯಸ್ಸಿನಲ್ಲಿ ಒಬ್ಬನೇ ಹೊರಟುಬಿಟ್ಟನು. ಅಲ್ಲಿ ಆಶ್ರಯ ಕೊಟ್ಟವಳು ಮರಾಯಾ ವಾಟ್‌ಕಿನ್ಸ್ ಎಂಬ ಸೂಲಗಿತ್ತಿ. ಬಟ್ಟೆ ಒಗೆದು ಬಾಳುತ್ತಿದ್ದ ಆ ತಾಯಿಗೆ ಗಿಡಮೂಲಿಕೆಗಳ ಗುಣ ಗೊತ್ತಿತ್ತು. ಕಲಿತುದನ್ನೆಲ್ಲ ತನ್ನ ಜನಕ್ಕೆ ಹಿಂದಿರುಗಿ ಕೊಡಬೇಕೆಂಬ ಮಾತನ್ನು ಹುಡುಗನ ಕಿವಿಯಲ್ಲಿ ಹಾಕಿದವಳು ಅವಳೇ.

ನಿಯೋಶೋವಿನಿಂದ ಕ್ಯಾನ್ಸಸ್ ರಾಜ್ಯಕ್ಕೆ, ಅಲ್ಲಿ ಒಂದೂರಿನಿಂದ ಇನ್ನೊಂದೂರಿಗೆ ಹತ್ತು ವರ್ಷಗಳ ಅಲೆದಾಟ ನಡೆಯಿತು. ಫೋರ್ಟ್ ಸ್ಕಾಟ್ ಎಂಬಲ್ಲಿ ಬಿಳಿಯರ ಗುಂಪೊಂದು ಕಪ್ಪು ಮನುಷ್ಯನನ್ನು ಹಿಡಿದೆಳೆದು ಕೊಂದುದನ್ನು ಕಣ್ಣಾರೆ ಕಂಡು ಆ ಊರನ್ನೇ ಬಿಟ್ಟನು. ಪ್ರೌಢಶಾಲೆ ಮುಗಿಯಿತು. ಹೈಲ್ಯಾಂಡ್ ಎಂಬಲ್ಲಿನ ಕಾಲೇಜಿಗೆ ಅರ್ಜಿ ಬರೆದುದಕ್ಕೆ ಪ್ರವೇಶ ದೊರೆತಿದೆಯೆಂಬ ಉತ್ತರವೂ ಬಂತು. ಸಂತೋಷದಿಂದ ಹೋಗಿ ನಿಂತ ತರುಣನ ಮೈಬಣ್ಣವನ್ನು ಕಂಡೊಡನೆ ಆ ಬಾಗಿಲು ಮುಚ್ಚಿಕೊಂಡಿತು. ಮುಂದಿನ ಕೆಲವು ವರ್ಷ ಅವರು ಕ್ಯಾನ್ಸಸ್ಸಿನ ಬಯಲಿನಲ್ಲಿ ಹುಲ್ಲುಹೆಂಟೆಗಳ ಮನೆ ಕಟ್ಟಿಕೊಂಡು ಬೇಸಾಯ ಮಾಡಿದರು.

ಕೊನೆಗೆ 1890ರಲ್ಲಿ ಅಯೋವ ರಾಜ್ಯದ ಸಿಂಪ್ಸನ್ ಕಾಲೇಜು ಅವರನ್ನು ಸೇರಿಸಿಕೊಂಡಿತು. ಅಲ್ಲಿ ಅವರು ಕಲಿಯಲು ಬಯಸಿದುದು ಚಿತ್ರಕಲೆಯನ್ನು. ಅವರು ಬಿಡಿಸಿದ ಹೂಗಿಡಗಳನ್ನು ನೋಡಿದ ಅಧ್ಯಾಪಕಿ ಎಟ್ಟಾ ಬಡ್ ಎಂಬಾಕೆ, ಈ ಕೈಗೆ ಕುಂಚಕ್ಕಿಂತ ಸಸ್ಯಶಾಸ್ತ್ರ ಹೆಚ್ಚು ಒಪ್ಪೀತೆಂದು ಮನಗಂಡಳು. ಅವಳ ತಂದೆ ಏಮ್ಸ್ ಪಟ್ಟಣದ ಅಯೋವ ಕೃಷಿ ಕಾಲೇಜಿನಲ್ಲಿ ತೋಟಗಾರಿಕೆಯ ಪ್ರಾಧ್ಯಾಪಕ. ಹೀಗೆ 1891ರಲ್ಲಿ ಕಾರ್ವರರು ಆ ಕಾಲೇಜಿನ ಮೊದಲ ಕಪ್ಪು ವಿದ್ಯಾರ್ಥಿಯಾದರು.

ಈ ಕಾಲೇಜಿನ ಹುಟ್ಟನ್ನು ಇಲ್ಲಿ ಸ್ವಲ್ಪ ತಿಳಿಯಬೇಕು. ಅಮೆರಿಕಾದ ಹಳೆಯ ಕಾಲೇಜುಗಳು ಪಾದ್ರಿಗಳನ್ನೂ ವಕೀಲರನ್ನೂ ತಯಾರಿಸುತ್ತಿದ್ದವು. ಲ್ಯಾಟಿನ್ ಗ್ರೀಕ್ ಭಾಷೆಗಳೇ ಅಲ್ಲಿನ ವಿದ್ಯೆ. ನೇಗಿಲು ಹಿಡಿಯುವವನ ಮಗನಿಗೆ ಅಲ್ಲಿ ಕೆಲಸವಿರಲಿಲ್ಲ. 1862ರಲ್ಲಿ ಅಧ್ಯಕ್ಷ ಲಿಂಕನ್ನರು ಸಹಿ ಮಾಡಿದ ಮೊರಿಲ್ ಕಾಯಿದೆ ಇದನ್ನು ಬದಲಿಸಿತು. ಕಾಂಗ್ರೆಸ್ಸಿನ ಪ್ರತಿಯೊಬ್ಬ ಪ್ರತಿನಿಧಿಗೆ 30,000 ಎಕರೆಯ ಲೆಕ್ಕದಲ್ಲಿ ಕೇಂದ್ರ ಸರ್ಕಾರವು ರಾಜ್ಯಗಳಿಗೆ ಭೂಮಿಯನ್ನು ಕೊಟ್ಟಿತು. ಅದರ ಹಣದಿಂದ ಬೇಸಾಯವನ್ನೂ ಯಂತ್ರಕಲೆಯನ್ನೂ ಕಲಿಸುವ ಕಾಲೇಜುಗಳು ತಲೆಯೆತ್ತಿದವು. ಆ ಭೂಮಿಯ ಬಹುಪಾಲು ಮೂಲನಿವಾಸಿಗಳಿಂದ ಕಸಿದದ್ದೆಂಬುದನ್ನು ಮರೆಯುವಂತಿಲ್ಲ. ದುಡಿಯುವವರ ಮಕ್ಕಳಿಗಾಗಿ ತೆರೆದ ಈ ಕಾಲೇಜುಗಳಿಗೆ ದಕ್ಷಿಣದಲ್ಲಿ ಕಪ್ಪು ಜನರಿಗೆ ಪ್ರವೇಶವೂ ಇರಲಿಲ್ಲ. 1890ರ ಎರಡನೆಯ ಕಾಯಿದೆಯು ಅವರನ್ನು ಸೇರಿಸಿಕೊಳ್ಳಿರಿ, ಇಲ್ಲವೆ ಬೇರೆ ಕಾಲೇಜು ತೆರೆಯಿರಿ ಎಂದು ವಿಧಿಸಿತು. ದಕ್ಷಿಣದ ರಾಜ್ಯಗಳು ಬೇರೆಯೇ ತೆರೆದವು. ಹಣವನ್ನು ಮಾತ್ರ ಸಮನಾಗಿ ಹಂಚಲಿಲ್ಲ. ಇದೇ ಮಾದರಿಯ ಕೃಷಿ ವಿಶ್ವವಿದ್ಯಾಲಯಗಳು ಮುಂದೆ ನಮ್ಮ ದೇಶಕ್ಕೂ ಬಂದವು. 1960ರಲ್ಲಿ ಪಂತನಗರದಲ್ಲಿಯೂ 1964ರಲ್ಲಿ ಬೆಂಗಳೂರಿನಲ್ಲಿಯೂ ಅವು ಸ್ಥಾಪಿತವಾದವು.

ಏಮ್ಸಿನಲ್ಲಿ ಮೊದಮೊದಲು ಕಾರ್ವರರಿಗೆ ಉಳಿದ ವಿದ್ಯಾರ್ಥಿಗಳ ಸಾಲಿನಲ್ಲಿ ಊಟಕ್ಕೆ ಎಡೆಯಿರಲಿಲ್ಲ; ನೆಲಮಾಳಿಗೆಯಲ್ಲಿ ಹೊಲದಾಳುಗಳ ಜೊತೆ ಉಣ್ಣಬೇಕಾಯಿತು. ಅವರು ಅದನ್ನು ಸಹಿಸಿದರು. 1894ರಲ್ಲಿ ಪದವಿ, 1896ರಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಬೆಳೆಗಳಿಗೆ ರೋಗ ತರುವ ಶಿಲೀಂಧ್ರಗಳನ್ನು ಗುರುತಿಸುವುದರಲ್ಲಿ ಅವರ ಕಣ್ಣು ಬಹು ಚುರುಕು. ಆ ಕಾಲೇಜಿನ ಮೊದಲ ಕಪ್ಪು ಅಧ್ಯಾಪಕರೂ ಅವರೇ. ಸಹೋದ್ಯೋಗಿಯೊಬ್ಬರ ಪುಟ್ಟ ಮಗ ಅವರ ಹಿಂದೆ ಹೊಲಗಳಲ್ಲಿ ಸುತ್ತುತ್ತ ಗಿಡಗಳ ಹೆಸರು ಕಲಿಯುತ್ತಿದ್ದನು. ಹೆನ್ರಿ ವಾಲೆಸ್ ಎಂಬ ಆ ಬಾಲಕ ಮುಂದೆ ದೇಶದ ಕೃಷಿ ಮಂತ್ರಿಯೂ 1941ರಿಂದ 1945ರವರೆಗೆ ಉಪಾಧ್ಯಕ್ಷನೂ ಆದನು.

ಏಮ್ಸಿನಲ್ಲಿಯೇ ಇದ್ದಿದ್ದರೆ ಕಾರ್ವರರ ಬಾಳು ಸುಖವಾಗಿ ಸಾಗುತ್ತಿತ್ತು. ಆಗ ಟಸ್ಕೀಗಿಯಿಂದ ಒಂದು ಕಾಗದ ಬಂತು. ಬರೆದವರು ಬುಕರ್ ಟಿ. ವಾಷಿಂಗ್ಟನ್. ಅವರೂ ಗುಲಾಮಗಿರಿಯಲ್ಲಿ ಹುಟ್ಟಿದವರು. 1881ರಲ್ಲಿ ಅವರು ಆರಂಭಿಸಿದ್ದ ಟಸ್ಕೀಗಿ ಸಂಸ್ಥೆಯಲ್ಲಿ ವಿದ್ಯಾರ್ಥಿಗಳೇ ಇಟ್ಟಿಗೆ ಸುಟ್ಟು ಕಟ್ಟಡ ಕಟ್ಟುತ್ತಿದ್ದರು. ಅಲ್ಲಿನ ಕೃಷಿ ವಿಭಾಗದ ಹೊಣೆ ಹೊರಲು ಕಾರ್ವರರು ಒಪ್ಪಿದರು.

ಬಂದು ನೋಡಿದರೆ ಪ್ರಯೋಗಶಾಲೆಯೆಂಬ ಹೆಸರಿಗೆ ತಕ್ಕುದು ಏನೂ ಇರಲಿಲ್ಲ. ವಿದ್ಯಾರ್ಥಿಗಳನ್ನು ಕಸದ ಗುಡ್ಡೆಗಳ ಬಳಿಗೆ ಕರೆದೊಯ್ದು ಒಡಕು ಸೀಸೆ, ಡಬ್ಬಿ, ತಂತಿಗಳನ್ನು ಆರಿಸಿ ತಂದು ಉಪಕರಣಗಳನ್ನು ಮಾಡಿಕೊಂಡರು. 1897ರಲ್ಲಿ ಅಲಬಾಮ ಸರ್ಕಾರ ಅಲ್ಲಿಗೊಂದು ಕೃಷಿ ಪ್ರಯೋಗ ಕೇಂದ್ರವನ್ನು ಮಂಜೂರು ಮಾಡಿತು. ವರ್ಷಕ್ಕೆ 1,500 ಡಾಲರು ಮಾತ್ರ. ಆದರೆ ಕಾರ್ವರರ ಯೋಚನೆಗೆ ಬಡತನವೇ ದಾರಿ ತೋರಿಸಿತು. ಒಂದೇ ಕುದುರೆಯೋ ಹೇಸರಗತ್ತೆಯೋ ಇರುವ ರೈತನು ಮಾಡಲಾಗದ ಯಾವ ಪ್ರಯೋಗವೂ ಈ ಕೇಂದ್ರಕ್ಕೆ ಬೇಡವೆಂದು ಅವರು ನಿಶ್ಚಯಿಸಿದರು. ಕೊಂಡು ತರುವ ಗೊಬ್ಬರದ ಬದಲು ಕಾಡಿನ ತರಗೆಲೆ, ಜೌಗಿನ ಕೆಸರುಮಣ್ಣು, ಮನೆಯ ಕಸ ಇವುಗಳನ್ನು ಕೊಳೆಯಿಸಿ ಹೊಲಕ್ಕೆ ಹಾಕಿಸಿದರು.

ಆ ರೈತನ ಸ್ಥಿತಿಯಾದರೂ ಎಂಥದು? ಗುಲಾಮಗಿರಿ ಹೋಗಿತ್ತು, ಭೂಮಿ ಬಂದಿರಲಿಲ್ಲ. ಹಳೆಯ ಒಡೆಯರ ಹೊಲವನ್ನೇ, ನಮ್ಮಲ್ಲಿ ವಾರ ಅಥವಾ ಕೋರು ಎನ್ನುವ ರೀತಿಯಲ್ಲಿ, ಬೆಳೆಯ ಪಾಲು ಕೊಡುವ ಕರಾರಿನ ಮೇಲೆ ಅವನು ಉಳುತ್ತಿದ್ದನು. ಬೀಜ, ಹಿಟ್ಟು, ಬಟ್ಟೆ ಎಲ್ಲವೂ ಅಂಗಡಿಯಿಂದ ಕಡ. ಬರಲಿರುವ ಹತ್ತಿಯೇ ಅದಕ್ಕೆ ಒತ್ತೆ. ಹತ್ತಿಯನ್ನಲ್ಲದೆ ಬೇರೇನನ್ನು ಬಿತ್ತುತ್ತೇನೆಂದರೂ ಸಾಲ ಹುಟ್ಟದು. ವರ್ಷವರ್ಷವೂ ಹತ್ತಿಯನ್ನೇ ಬೆಳೆದು ನೆಲದ ಸಾರ ಬತ್ತಿತು. ಇಳುವರಿ ಇಳಿದಂತೆ ಸಾಲ ಏರಿತು. ಮನೆಯವರ ಊಟವೆಂದರೆ ಉಪ್ಪು ಹಾಕಿದ ಹಂದಿಯ ಕೊಬ್ಬು, ಮೆಕ್ಕೆಜೋಳದ ಹಿಟ್ಟು, ಕಾಕಂಬಿ. ಹೀಗೆ ಮಣ್ಣೂ ಮನುಷ್ಯನೂ ಒಂದೇ ಹಗ್ಗದಲ್ಲಿ ಕಟ್ಟಿಬಿದ್ದಿದ್ದರು.

ಕಾರ್ವರರು ಈ ಹಗ್ಗದ ಗಂಟನ್ನು ಮಣ್ಣಿನ ಕಡೆಯಿಂದ ಬಿಚ್ಚಲು ಹೊರಟರು. ಅಲಸಂದೆ, ಕಡಲೆಕಾಯಿಯಂಥ ದ್ವಿದಳ ಸಸ್ಯಗಳ ಬೇರಿನಲ್ಲಿ ಸಣ್ಣ ಸಣ್ಣ ಗಂಟುಗಳಿರುತ್ತವೆ. ಅವುಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಒದಗಿಸುತ್ತವೆ. ಗಿಡದ ಬೇರೂ ಸೊಪ್ಪೂ ಮಣ್ಣಿನಲ್ಲಿ ಕೊಳೆತಾಗ ನೆಲಕ್ಕೂ ಅದು ದಕ್ಕುತ್ತದೆ. ಇದು ಯುರೋಪಿನ ವಿಜ್ಞಾನಿಗಳು 19ನೆಯ ಶತಮಾನದ ಕೊನೆಯ ಭಾಗದಲ್ಲಿ ಸಿದ್ಧಪಡಿಸಿದ್ದ ಸಂಗತಿ. ನಮ್ಮ ರೈತರು ರಾಗಿಯ ಹೊಲದಲ್ಲಿ ಅವರೆ ತೊಗರಿಗಳ ಅಕ್ಕಡಿ ಸಾಲು ಹಾಕುವುದನ್ನು ಬಲ್ಲವರಿಗೆ ಇದರ ಮರ್ಮ ಹೊಸದಲ್ಲ. ಒಂದು ವರ್ಷ ಹತ್ತಿ ಬೆಳೆದರೆ ಮರುವರ್ಷ ಅಲಸಂದೆಯೋ ಕಡಲೆಕಾಯಿಯೋ ಬೆಳೆಯಿರಿ, ಗೆಣಸನ್ನು ನೆಡಿರಿ ಎಂಬುದು ಕಾರ್ವರರ ಬೋಧನೆ. ಸಾಲದಾತನು ಒಪ್ಪದಿದ್ದರೆ ಮನೆಯ ಹಿತ್ತಿಲಿನಲ್ಲಿಯಾದರೂ ಹಾಕಿರಿ. ನೆಲವೂ ಚೇತರಿಸೀತು, ಮಕ್ಕಳ ತಟ್ಟೆಗೂ ಸತ್ತ್ವವುಳ್ಳ ಆಹಾರ ಬಂದೀತು.

ಇದನ್ನು ತಿಳಿಸಲು ಅವರು ಕಿರುಹೊತ್ತಿಗೆಗಳನ್ನು ಬರೆದರು. 1898ರಿಂದ ತೊಡಗಿ ಇಂಥ 44 ಹೊತ್ತಿಗೆಗಳು ಹೊರಬಂದವು. ಮೊದಲನೆಯದು ಕಾಡಿನಲ್ಲಿ ಬಿಟ್ಟಿಯಾಗಿ ಉದುರುವ ಓಕ್ ಮರದ ಕಾಯಿಗಳನ್ನು ದನಕ್ಕೂ ಹಂದಿಗೂ ಮೇವಾಗಿ ಹಾಕುವುದನ್ನು ಕುರಿತದ್ದು. 1905ರದು ಸತ್ತ್ವ ಕಳೆದುಕೊಂಡ ನೆಲವನ್ನು ಮತ್ತೆ ಕಟ್ಟುವ ಬಗೆಯನ್ನು ಹೇಳಿತು. 1916ರದು ಕಡಲೆಕಾಯಿಯನ್ನು ಬೆಳೆಯುವ ರೀತಿಯನ್ನೂ ಅದರಿಂದ ಮಾಡಬಹುದಾದ 105 ತಿನಿಸುಗಳನ್ನೂ ಹೇಳಿತು. ಬೇಸಾಯಗಾರನಿಗೆ ಕೃಷಿಯ ಮಾತು, ಶಾಲೆಯ ಉಪಾಧ್ಯಾಯನಿಗೆ ಶಾಸ್ತ್ರದ ಮಾತು, ಗೃಹಿಣಿಗೆ ಅಡುಗೆಯ ಮಾತು. ಈ ಮೂವರೂ ಅವರ ಕಣ್ಣ ಮುಂದಿದ್ದರು. ಸುತ್ತಲಿನ ಗುಡ್ಡಗಳಲ್ಲಿ ದೊರೆಯುವ ಬಣ್ಣದ ಜೇಡಿಮಣ್ಣನ್ನು ಕಲಸಿ ಗೋಡೆಗೆ ಬಳಿದರೆ ಬಡವನ ಮನೆಯೂ ಚೆಲುವಾದೀತೆಂದು ಮಾಡಿ ತೋರಿಸಿದವರೂ ಅವರೇ. ಚಿತ್ರಕಾರನ ಮನಸ್ಸು ಪೂರ್ತಿಯಾಗಿ ಅಡಗಿರಲಿಲ್ಲ.

ಆದರೆ ಹೊತ್ತಿಗೆ ಓದಬಲ್ಲವರು ಎಷ್ಟು ಮಂದಿ? ರೈತರಲ್ಲಿ ಬಹುಮಂದಿಗೆ ಅಕ್ಷರ ಬಾರದು. ಕಾಲೇಜಿನ ಸಭೆಗೆ ಬರಲು ದುಡಿಮೆ ಬಿಡದು. ರೈತ ಬರಲಾರದಿದ್ದರೆ ಕಾಲೇಜೇ ಅವನಲ್ಲಿಗೆ ಹೋಗಬೇಕಾಯಿತು. ನ್ಯೂಯಾರ್ಕಿನ ಧನಿಕ ಮಾರಿಸ್ ಜೆಸಪ್ಪರು ನೀಡಿದ ಹಣದಿಂದ 1906ರಲ್ಲಿ ಒಂದು ಬಂಡಿ ಸಿದ್ಧವಾಯಿತು. ಅದರಲ್ಲಿ ಸುಧಾರಿಸಿದ ನೇಗಿಲು, ಒಳ್ಳೆಯ ಬೀಜ, ಗೊಬ್ಬರದ ಮಾದರಿ, ಬೆಣ್ಣೆ ತೆಗೆಯುವ ಸಾಧನ ಮೊದಲಾದುವನ್ನು ತುಂಬಿ ಹಳ್ಳಿಯಿಂದ ಹಳ್ಳಿಗೆ ನಡೆಸಿದರು. ಬಂಡಿ ಒಂದು ಹೊಲದ ಬಳಿ ನಿಲ್ಲುವುದು, ನೆರೆಹೊರೆಯವರು ಸೇರುವರು, ಆ ಹೊಲದಲ್ಲಿಯೇ ಉತ್ತು ತೋರಿಸುವರು. ಕಪ್ಪು ಹಲಗೆ ಬೇಕಿರಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಟಸ್ಕೀಗಿಯಲ್ಲಿಯೇ ಓದಿದ್ದ ಥಾಮಸ್ ಕ್ಯಾಂಪ್‌ಬೆಲ್ ಎಂಬುವರು ಬಂಡಿಯ ಹೊಣೆ ಹೊತ್ತರು. ಕೇಂದ್ರ ಕೃಷಿ ಇಲಾಖೆ ನೇಮಿಸಿದ ಮೊದಲ ಕಪ್ಪು ಕೃಷಿ ಪ್ರಚಾರಕರು ಅವರು. 1914ರಲ್ಲಿ ಸ್ಮಿತ್–ಲೆವರ್ ಕಾಯಿದೆಯಾಗಿ ಇಂಥ ವಿಸ್ತರಣಾ ಶಿಕ್ಷಣವು ಇಡೀ ದೇಶದ ಕೃಷಿ ಕಾಲೇಜುಗಳ ಕರ್ತವ್ಯವೆನಿಸಿತು. ಕಾಲಕ್ರಮದಲ್ಲಿ ಟಸ್ಕೀಗಿಯ ಬಂಡಿಯ ಸ್ಥಾನಕ್ಕೆ ಮೋಟಾರು ಲಾರಿ ಬಂತು.

ಕಾರ್ವರರಿಗೆ ಕುಂದುಗಳಿರಲಿಲ್ಲವೆಂದಲ್ಲ. ಲೆಕ್ಕಪತ್ರ, ಮೇಲ್ವಿಚಾರಣೆ ಇವು ಅವರಿಗೆ ಒಗ್ಗದ ಕೆಲಸಗಳು. ಸಂಸ್ಥೆಯ ಕೋಳಿಸಾಕಣೆ ಅವರ ಕೈಯಲ್ಲಿ ಕೆಟ್ಟಿತು. ಕಟ್ಟುನಿಟ್ಟಿನವರಾದ ವಾಷಿಂಗ್ಟನ್ನರು ಇದನ್ನು ಸಹಿಸಲಿಲ್ಲ. ಕಾರ್ವರರೂ ಬೇಗ ನೊಂದುಕೊಳ್ಳುವ ಸ್ವಭಾವದವರು. ರಾಜೀನಾಮೆಯ ಮಾತನ್ನು ಅನೇಕ ಸಲ ಎತ್ತಿದರು. ಆದರೂ ಇಬ್ಬರೂ ಬೇರೆಯಾಗಲಿಲ್ಲ. 1915ರಲ್ಲಿ ವಾಷಿಂಗ್ಟನ್ನರು ತೀರಿಕೊಂಡಾಗ ಕಾರ್ವರರು ಬಹುಕಾಲ ದುಃಖಿಸಿದರು.

ಆ ವೇಳೆಗೆ ದಕ್ಷಿಣದ ಹತ್ತಿಗೆ ದೊಡ್ಡ ಗಂಡಾಂತರ ಒದಗಿತ್ತು. ಹತ್ತಿಯ ಮೊಗ್ಗನ್ನೂ ಕಾಯನ್ನೂ ಕೊರೆಯುವ ಮೂತಿಹುಳು 1892ರ ಸುಮಾರಿಗೆ ಮೆಕ್ಸಿಕೋದಿಂದ ಟೆಕ್ಸಾಸ್ ರಾಜ್ಯವನ್ನು ಹೊಕ್ಕಿತ್ತು. ಅದು 1910ರ ವೇಳೆಗೆ ಅಲಬಾಮವನ್ನು ಮುಟ್ಟಿತು. ಹೊಲಗಳು ನಾಶವಾದಾಗ ಜನ ಕಡಲೆಕಾಯಿಯ ಕಡೆಗೆ ತಿರುಗಿದರು. ಅದರಿಂದ ಲಾಭ ಕಂಡ ಎಂಟರ್‌ಪ್ರೈಸ್ ಎಂಬ ಊರಿನವರು 1919ರಲ್ಲಿ ಆ ಹುಳುವಿನ ಹೆಸರಿನಲ್ಲಿಯೇ ಒಂದು ಸ್ಮಾರಕವನ್ನು ನಿಲ್ಲಿಸಿದರು! ಕಡಲೆಕಾಯಿ ಹಬ್ಬಿದುದಕ್ಕೆ ಹುಳುವೂ ಯುದ್ಧಕಾಲದ ಬೇಡಿಕೆಯೂ ಕಾರಣ. ಕಾರ್ವರರೊಬ್ಬರೇ ಕಾರಣರೆನ್ನುವುದು ಅತಿಶಯೋಕ್ತಿ.

1921ರ ಜನವರಿಯಲ್ಲಿ ಕಡಲೆಕಾಯಿ ಬೆಳೆಗಾರರು ಆಮದು ಸುಂಕದ ವಿಷಯದಲ್ಲಿ ವಾದಿಸಲು ಕಾರ್ವರರನ್ನು ಕಾಂಗ್ರೆಸ್ಸಿನ ಸಮಿತಿಯ ಮುಂದೆ ಕಳುಹಿಸಿದರು. ಕೊಟ್ಟ ಅವಧಿ ಹತ್ತು ನಿಮಿಷ. ಸದಸ್ಯನೊಬ್ಬನು ಅವರ ಜನಾಂಗವನ್ನು ಹೀಗಳೆಯುವ ಕುಹಕವನ್ನೂ ಆಡಿದನು. ಕಾರ್ವರರು ಕದಡಲಿಲ್ಲ. ಪೆಟ್ಟಿಗೆಯಿಂದ ಕಡಲೆಕಾಯಿಯ ಹಾಲು, ಹಿಟ್ಟು, ಬಣ್ಣ ಮೊದಲಾದುವನ್ನು ಒಂದೊಂದಾಗಿ ತೆಗೆದಿರಿಸುತ್ತ ಹೋದಂತೆ ಸಮಿತಿಯು ಅವಧಿಯನ್ನು ಮತ್ತೆ ಮತ್ತೆ ಹೆಚ್ಚಿಸಿತು. 1922ರ ಸುಂಕದ ಕಾಯಿದೆಯಲ್ಲಿ ಕಡಲೆಕಾಯಿಗೆ ರಕ್ಷಣೆ ದೊರೆಯಿತು. ಅವರ ಹೆಸರು ದೇಶವನ್ನೆಲ್ಲ ಹಬ್ಬಿತು. ಕಡಲೆಕಾಯಿಯಿಂದ ಮುನ್ನೂರು ವಸ್ತುಗಳನ್ನು ಮಾಡಿದವರೆಂದು ಪತ್ರಿಕೆಗಳು ಹೊಗಳಿದವು. ಅವುಗಳಲ್ಲಿ ಅನೇಕವು ಅಡುಗೆಯ ಬಗೆಗಳು. ಪೇಟೆಯಲ್ಲಿ ನಿಂತುವು ಬಹಳ ಕಡಿಮೆ. ಕಡಲೆಕಾಯಿ ಬೆಣ್ಣೆಯನ್ನು ಕಂಡುಹಿಡಿದವರು ಅವರೇ ಎಂಬ ಮಾತು ಇಂದಿಗೂ ಕೇಳಿಬರುತ್ತದೆ, ಅದು ನಿಜವಲ್ಲ. ಅವರು ಪಡೆದುದು ಮೂರೇ ಪೇಟೆಂಟುಗಳನ್ನು.

ಕೀರ್ತಿ ಬಂದರೂ ಹಗ್ಗದ ಇನ್ನೊಂದು ಗಂಟು ಬಿಚ್ಚಲಿಲ್ಲ. ಭೂಮಿ ಯಾರದು ಎಂಬ ಪ್ರಶ್ನೆಗೆ ಗೊಬ್ಬರದಲ್ಲಿ ಉತ್ತರವಿರಲಿಲ್ಲ. ಮಣ್ಣನ್ನು ಫಲವತ್ತಾಗಿಸಿದ ಗೇಣಿದಾರನನ್ನು ವರ್ಷದ ಕೊನೆಗೆ ಒಡೆಯನು ಬಿಡಿಸಬಹುದಾಗಿತ್ತು. ಸಾವಿರಾರು ಕುಟುಂಬಗಳು ಹೊಲ ಬಿಟ್ಟು ಉತ್ತರದ ಕಾರ್ಖಾನೆಗಳ ದಾರಿ ಹಿಡಿದವು. ವರ್ಣಭೇದವನ್ನು ಕಾರ್ವರರು ಬಹಿರಂಗವಾಗಿ ಖಂಡಿಸಲಿಲ್ಲವೆಂದು ಅವರ ಜನರಲ್ಲಿಯೇ ಕೆಲವರು ಆಕ್ಷೇಪಿಸಿದರು. ಈ ಆಕ್ಷೇಪಣೆಯನ್ನು ತಳ್ಳಿಹಾಕುವುದು ಸುಲಭವಲ್ಲ. ಆದರೆ ಸಾಲದ ಅಂಗಡಿಗೆ ಹೋಗದೆಯೇ ಒಂದು ಹೊತ್ತಿನ ಊಟವನ್ನು ತನ್ನ ಹಿತ್ತಿಲಿನಿಂದ ಎತ್ತಿಕೊಂಡ ಮನೆಗಳಿಗೆ ಅವರ ವಿದ್ಯೆ ಎಷ್ಟು ಬೆಲೆಯದೆಂಬುದು ಗೊತ್ತಿತ್ತು.

ಹಣದ ವಿಷಯದಲ್ಲಿ ಅವರು ವಿಚಿತ್ರ ವ್ಯಕ್ತಿ. ಸಂಬಳದ ಹೆಚ್ಚಳವನ್ನು ಬೇಡವೆಂದರು. ಸಂಬಳದ ಚೆಕ್ಕುಗಳು ಎಷ್ಟೋ ಸಲ ಮೇಜಿನೊಳಗೇ ಉಳಿಯುತ್ತಿದ್ದವು. ಮದುವೆಯಾಗಲಿಲ್ಲ. ವಿದ್ಯಾರ್ಥಿನಿಲಯದ ಕೋಣೆಗಳಲ್ಲಿಯೇ ವಾಸ. ಬೆಳಗಿನ ಜಾವಕ್ಕೆದ್ದು ಕಾಡಿನಲ್ಲಿ ಸುತ್ತಿ ಗಿಡ, ಕಲ್ಲು, ಬೂಷ್ಟುಗಳನ್ನು ಹೊತ್ತು ತರುವರು. ಗಾಂಧೀಜಿಯವರೊಂದಿಗೂ ಅವರಿಗೆ ಪತ್ರವ್ಯವಹಾರವಿತ್ತು; ಸಸ್ಯಾಹಾರದಿಂದಲೇ ಪುಷ್ಟಿ ಪಡೆಯುವ ಬಗೆಗೆ ಅವರು ಸಲಹೆಗಳನ್ನು ಕಳುಹಿಸಿದ್ದರು.

ಕಾರ್ವರರು 1940ರಲ್ಲಿ ತಮ್ಮ ಉಳಿತಾಯದ ಹಣದಿಂದ ಟಸ್ಕೀಗಿಯಲ್ಲಿ ಒಂದು ಸಂಶೋಧನಾ ನಿಧಿಯನ್ನು ಸ್ಥಾಪಿಸಿದರು. ಮೆಟ್ಟಿಲಿನಿಂದ ಬಿದ್ದು ಹಾಸಿಗೆ ಹಿಡಿದ ಅವರು 1943ರ ಜನವರಿ 5ರಂದು ಮರಣ ಹೊಂದಿದರು. ಅವರಲ್ಲಿದ್ದುದೆಲ್ಲವೂ ಆ ನಿಧಿಗೆ ಸೇರಿತು. ಒಟ್ಟು ಮೊತ್ತ ಸುಮಾರು 60,000 ಡಾಲರು. ಅವರ ಸಮಾಧಿಯನ್ನು ಟಸ್ಕೀಗಿಯ ಆವರಣದಲ್ಲಿ ವಾಷಿಂಗ್ಟನ್ನರ ಸಮಾಧಿಯ ಪಕ್ಕದಲ್ಲಿ ಮಾಡಿದರು. ಅದೇ ವರ್ಷದ ಜುಲೈ ತಿಂಗಳಿನಲ್ಲಿ ಅಮೆರಿಕಾ ಸರ್ಕಾರವು ಡೈಮಂಡ್ ಹಳ್ಳಿಯ ಮೋಸಸ್ ಕಾರ್ವರನ ಹೊಲವನ್ನು ರಾಷ್ಟ್ರೀಯ ಸ್ಮಾರಕವನ್ನಾಗಿಸಲು ಕಾನೂನು ಮಾಡಿತು. ಆ ದೇಶದ ಕಪ್ಪು ಪ್ರಜೆಯೊಬ್ಬರಿಗೆ ಸಂದ ಮೊದಲ ರಾಷ್ಟ್ರೀಯ ಸ್ಮಾರಕವದು. ಬಾಲಕ ಜಾರ್ಜ್ ಗಿಡಗಳನ್ನು ಬಚ್ಚಿಟ್ಟು ಸಾಕುತ್ತಿದ್ದ ಕಾಡಿನಲ್ಲಿ ಈಗ ಕಾಲುದಾರಿಯಿದೆ. ಶಾಲೆಯ ಮಕ್ಕಳು ಅಲ್ಲಿ ನಡೆದುಹೋಗುತ್ತಾರೆ.